ತಪ್ಪಿಗೆ ಹೊಣೆ: ಸುಲ್ತಾನಪೇಟೆಯ ತೋಪು ಕಲಿಸುವ ಪಾಠ

ನಾಗಮಂಗಲದ ಕಡೆಯಿಂದ ಪಾಂಡವಪುರದ ಮಾರ್ಗವಾಗಿ ಶ್ರೀರಂಗಪಟ್ಟಣಕ್ಕೆ ಬರುವ ಯಾತ್ರಿಕನು ಚರಿತ್ರೆಯ ನಡುವೆಯೇ ಹಾದುಬರುತ್ತಾನೆ. ಹಿರೋಡೆ ಎಂಬ ಹಳೆಯ ಹೆಸರಿನ ಪಾಂಡವಪುರಕ್ಕೆ, ಹೈದರ್ ಮತ್ತು ಟೀಪೂ ಸುಲ್ತಾನರ ಸೇವೆಯಲ್ಲಿದ್ದ ಫ್ರೆಂಚ್ ಸೈನಿಕರು ಅಲ್ಲಿ ಬೀಡುಬಿಟ್ಟಿದ್ದ ಕಾರಣದಿಂದ, ಬಹುಕಾಲ ‘ಫ್ರೆಂಚ್ ರಾಕ್ಸ್’ ಎಂಬ ಹೆಸರಿತ್ತು. ಅಲ್ಲಿಂದ ಮುಂದೆ ಕಾವೇರಿಯನ್ನು ದಾಟಿದರೆ ಶ್ರೀರಂಗನಾಥನ ದೇವಾಲಯ, ಕೋಟೆಯ ಮುರಿದ ಗೋಡೆ, ದರಿಯಾ ದೌಲತ್, ಗುಂಬಜ್, ಟೀಪೂ ಸುಲ್ತಾನನ ದೇಹ ದೊರೆತ ಸ್ಥಳ, ಇವುಗಳನ್ನೆಲ್ಲ ನೋಡಿ ಯಾತ್ರಿಕನು ಕೃತಾರ್ಥನಾಗಿ ಹಿಂದಿರುಗುತ್ತಾನೆ. ಆದರೆ ಕೋಟೆಯ ಪಶ್ಚಿಮ ದಿಕ್ಕಿನಲ್ಲಿ ಒಂದು ಕಾಲಕ್ಕೆ ಇದ್ದ ಸುಲ್ತಾನಪೇಟೆಯ ತೋಪನ್ನು ಯಾರೂ ಕೇಳುವುದಿಲ್ಲ. ಅಲ್ಲಿ ಗೆಲುವಿನ ಸ್ಮಾರಕವಿಲ್ಲ, ವೀರಗಲ್ಲಿಲ್ಲ. ಒಬ್ಬ ಮನುಷ್ಯನು ತನ್ನ ಕೆಲಸದಲ್ಲಿ ತಪ್ಪಿದುದೂ ಆ ತಪ್ಪನ್ನು ತಾನೇ ಹೊತ್ತುಕೊಂಡುದೂ ಅಲ್ಲಿ ನಡೆದ ಸಂಗತಿ.

ತಪ್ಪು ಮಾಡದ ಮನುಷ್ಯನಿಲ್ಲ. ಹೊಲ ಉಳುವವನೂ ತಪ್ಪುತ್ತಾನೆ, ಲೆಕ್ಕ ಬರೆಯುವವನೂ ತಪ್ಪುತ್ತಾನೆ, ಸೈನ್ಯ ನಡೆಸುವವನೂ ತಪ್ಪುತ್ತಾನೆ. ತಪ್ಪಿದ ಮರುಕ್ಷಣ ಏನು ಮಾಡುತ್ತಾನೆಂಬುದೇ ಒಬ್ಬರಿಂದೊಬ್ಬರನ್ನು ಬೇರ್ಪಡಿಸುವ ಗೆರೆ. ‘ಕುಣಿಯಲಾರದವಳು ನೆಲ ಡೊಂಕು ಎಂದಳಂತೆ’ ಎಂಬ ನಮ್ಮ ಗಾದೆ, ತಪ್ಪನ್ನು ನೆಲದ ಮೇಲೆ ಹೊರಿಸುವ ಮನುಷ್ಯಸ್ವಭಾವವನ್ನು ಒಂದೇ ಮಾತಿನಲ್ಲಿ ಹೇಳಿಬಿಟ್ಟಿದೆ. ನೆಲ ನಿಜವಾಗಿಯೂ ಡೊಂಕಾಗಿದ್ದಾಗ ಏನು ಮಾಡಬೇಕು? ಆಗಲೂ ಕುಣಿದವನೇ ಹೊಣೆಯೆ? ಈ ಕಠಿಣ ಪ್ರಶ್ನೆಗೆ ಸುಲ್ತಾನಪೇಟೆಯ ತೋಪು ಉತ್ತರ ಕೊಡುತ್ತದೆ. ಆದ್ದರಿಂದಲೇ ಈ ಹಳೆಯ ಸಂಗತಿಯನ್ನು ವಾಚಕರ ಮುಂದಿಡಲು ಮನಸ್ಸಾಯಿತು.

ಇಲ್ಲಿ ಒಂದು ಮಾತನ್ನು ಮೊದಲೇ ಸ್ಪಷ್ಟಪಡಿಸುವುದು ಒಳಿತು. ಮುಂದೆ ಹೇಳಲಿರುವವರು ಈ ನಾಡನ್ನು ಗೆಲ್ಲಲು ಬಂದ ಪರಕೀಯರು. ಅವರ ವಿಜಯವನ್ನು ಕೊಂಡಾಡುವುದು ಈ ಲೇಖನದ ಉದ್ದೇಶವಲ್ಲ. ಆ ಇರುಳು ತೋಪನ್ನು ಕಾದು ನಿಂತು ಅವರನ್ನು ಹಿಮ್ಮೆಟ್ಟಿಸಿದವರು ಮೈಸೂರಿನ ಸೈನಿಕರು ಎಂಬುದನ್ನು ನಾವು ಅಭಿಮಾನದಿಂದಲೇ ನೆನೆಯಬಹುದು. ಆದರೆ ಒಳ್ಳೆಯ ನಡತೆ ಯಾರಲ್ಲಿ ಕಂಡರೂ ಅದನ್ನು ಗುರುತಿಸುವುದು ವಿವೇಕ. ಎದುರಾಳಿಯಿಂದ ಕಲಿಯಲು ನಾಚಬೇಕಾಗಿಲ್ಲ.

೧೭೯೯ರ ಮಾರ್ಚ್ ೨೭ರಂದು ಮಳವಳ್ಳಿಯ ಬಳಿ ಟೀಪೂವಿನ ಸೈನ್ಯದೊಡನೆ ಕಾದಾಡಿದ ಜನರಲ್ ಹ್ಯಾರಿಸ್‌ನ ದಂಡು, ಸೋಸಲೆಯ ಬಳಿ ಕಾವೇರಿಯನ್ನು ದಾಟಿ ಏಪ್ರಿಲ್ ೫ರಂದು ಶ್ರೀರಂಗಪಟ್ಟಣದ ಪಶ್ಚಿಮಕ್ಕೆ ಬಂದು ಬೀಡುಬಿಟ್ಟಿತು. ಬೀಡಿಗೂ ಕೋಟೆಗೂ ನಡುವೆ ಸುಲ್ತಾನಪೇಟೆಯ ತೋಪು ಇತ್ತು. ಅದು ಮರಗಳು ದಟ್ಟವಾಗಿ ಬೆಳೆದ, ನೀರುಗಾಲುವೆಗಳು ಅಡ್ಡಡ್ಡಲಾಗಿ ಹರಿದ ಸ್ಥಳ. ಅದರ ಮರೆಯಲ್ಲಿ ನಿಂತು ಟೀಪೂವಿನ ಸೈನಿಕರು ಬೀಡಿನ ಮೇಲೆ ಬಾಣಗಳನ್ನು, ಅಂದರೆ ಮೈಸೂರಿನ ಪ್ರಸಿದ್ಧ ರಾಕೆಟ್ಟುಗಳನ್ನು, ಹಾರಿಸುತ್ತಿದ್ದರು. ತೋಪು ಕೈವಶವಾಗದೆ ಮುತ್ತಿಗೆ ಮುಂದುವರಿಯುವಂತಿರಲಿಲ್ಲ. ಅಂದಿನ ರಾತ್ರಿಯೇ ಅದನ್ನು ಹಿಡಿಯಬೇಕೆಂದು ಹ್ಯಾರಿಸ್ ಆಜ್ಞೆ ಮಾಡಿದ. ಪಕ್ಕದ ಹಾಳುಬಿದ್ದ ಹಳ್ಳಿಯೊಂದನ್ನು ಹಿಡಿಯುವ ಕೆಲಸ ಕರ್ನಲ್ ಶಾ ಎಂಬವನಿಗೆ, ತೋಪನ್ನು ಹಿಡಿಯುವ ಕೆಲಸ ಕರ್ನಲ್ ಆರ್ಥರ್ ವೆಲ್ಲೆಸ್ಲಿಗೆ ಬಂದಿತು.

ವೆಲ್ಲೆಸ್ಲಿಗೆ ಆಗ ಮೂವತ್ತು ವರ್ಷವೂ ತುಂಬಿರಲಿಲ್ಲ. ಅವನ ಅಣ್ಣ ರಿಚರ್ಡ್, ಲಾರ್ಡ್ ಮಾರ್ನಿಂಗ್ಟನ್ ಎಂಬ ಹೆಸರಿನಿಂದ, ಭಾರತದ ಗವರ್ನರ್ ಜನರಲ್ ಆಗಿದ್ದ. ಆದ್ದರಿಂದ ಸೈನ್ಯದಲ್ಲಿ ತಮ್ಮನ ಮೇಲೆ ಹಲವರ ಕಣ್ಣಿತ್ತು. ಅಣ್ಣನ ಪ್ರಭಾವದಿಂದ ಮೇಲೆ ಬಂದವನೆಂಬ ಮಾತೂ ಇತ್ತು. ಅಂಥವನು ಎಡವಿದರೆ ನಗುವವರಿಗೆ ಕೊರತೆಯಿರಲಿಲ್ಲ.

ಆ ದಿನ ವೆಲ್ಲೆಸ್ಲಿ ಹ್ಯಾರಿಸ್‌ನಿಗೆ ಒಂದು ಚೀಟಿ ಬರೆದ. ತಾವು ಯಾವ ಸ್ಥಳದಲ್ಲಿ ಕಾವಲು ನೆಲೆಗೊಳ್ಳಬೇಕೆನ್ನುತ್ತೀರೆಂಬುದು ತನಗೆ ಸ್ಪಷ್ಟವಾಗಿಲ್ಲವೆಂದೂ, ಮಧ್ಯಾಹ್ನ ಬೀಡಿನ ಮುಂಭಾಗಕ್ಕೆ ಬಂದು ಅದನ್ನು ತೋರಿಸಬೇಕೆಂದೂ ಅದರಲ್ಲಿ ಕೇಳಿಕೊಂಡಿದ್ದ. ಈ ಚೀಟಿ ಇಂದಿಗೂ ಅವನ ಪತ್ರಗಳ ಸಂಪುಟದಲ್ಲಿ ಉಳಿದಿದೆ. ವಾಚಕರು ಇದನ್ನು ಮನಸ್ಸಿನಲ್ಲಿಟ್ಟುಕೊಳ್ಳಬೇಕು. ಆಜ್ಞೆ ಅಸ್ಪಷ್ಟವಾಗಿತ್ತು ಎಂಬುದಕ್ಕೆ ಲಿಖಿತ ಸಾಕ್ಷ್ಯ ಅವನ ಕೈಯಲ್ಲಿತ್ತು. ನೆಲ ನಿಜವಾಗಿಯೂ ಡೊಂಕಾಗಿತ್ತು.

ಕತ್ತಲಾದ ಮೇಲೆ ವೆಲ್ಲೆಸ್ಲಿ ತನ್ನ ೩೩ನೆಯ ರೆಜಿಮೆಂಟನ್ನೂ ಒಂದು ದೇಶೀಯ ಪಡೆಯನ್ನೂ ಕರೆದುಕೊಂಡು ತೋಪಿನತ್ತ ನಡೆದ. ಅವನು ಆ ನೆಲವನ್ನು ಹಗಲಿನಲ್ಲಿ ನಡೆದು ನೋಡಿರಲಿಲ್ಲ. ಒಳಹೊಕ್ಕ ಕ್ಷಣವೇ ಎದುರಿನಿಂದಲೂ ಪಕ್ಕದಿಂದಲೂ ಗುಂಡು, ಬಾಣಗಳ ಮಳೆ ಸುರಿಯಿತು. ಮರಗಳ ಕತ್ತಲೆಯಲ್ಲಿ ಸೈನಿಕರಿಗೆ ತಮ್ಮವರಾರು, ಪರರಾರು ಎಂಬುದೇ ತಿಳಿಯದಾಯಿತು. ಕೆಲವರು ಕಾಲುವೆಗಳಲ್ಲಿ ಮುಗ್ಗರಿಸಿದರು. ಗುಂಪು ಚದುರಿತು. ವೆಲ್ಲೆಸ್ಲಿಯ ಮೊಣಕಾಲಿಗೂ ಗುಂಡೊಂದು ಸವರಿಕೊಂಡು ಹೋಯಿತು. ಅವನ ಅಧಿಕಾರಿಗಳಲ್ಲೊಬ್ಬನು ಮಡಿದ. ಹನ್ನೆರಡು ಮಂದಿ ಸೈನಿಕರು ಸೆರೆಸಿಕ್ಕಿದರು. ಅವರು ಜೀವಸಹಿತ ಮರಳಲಿಲ್ಲ. ಕರ್ನಲ್ ಶಾ ತನ್ನ ಪಾಲಿನ ಹಳ್ಳಿಯನ್ನು ಹಿಡಿದ. ವೆಲ್ಲೆಸ್ಲಿ ತೋಪನ್ನು ಹಿಡಿಯಲಾರದೆ ಹಿಂದೆಗೆದ.

ಮುಂದೆ ಅವನು ನಡೆದುಕೊಂಡ ರೀತಿಯೇ ಈ ಲೇಖನದ ತಿರುಳು. ನಡುರಾತ್ರಿಯ ಸಮಯಕ್ಕೆ ಅವನು ನೇರವಾಗಿ ಸೇನಾಪತಿಯ ಡೇರೆಗೆ ಹೋದ. ತೋಪು ಕೈವಶವಾಗಲಿಲ್ಲವೆಂಬುದನ್ನು ತನ್ನ ಬಾಯಿಂದಲೇ ತಿಳಿಸಿದ. ಅವನು ಬಹಳ ಕಳವಳಗೊಂಡಿದ್ದನೆಂದು ಹ್ಯಾರಿಸ್ ತನ್ನ ದಿನಚರಿಯಲ್ಲಿ ಬರೆದಿಟ್ಟಿದ್ದಾನೆ. ಬೆಳಗಾಗುವವರೆಗೆ ಕಾಯಬಹುದಾಗಿತ್ತು, ಕೈಕೆಳಗಿನವನೊಬ್ಬನ ಮೂಲಕ ಸುದ್ದಿ ಕಳಿಸಬಹುದಾಗಿತ್ತು, ಎರಡು ದಿನ ಯೋಚಿಸಿ ಒಪ್ಪವಾದ ವರದಿಯೊಂದನ್ನು ಸಿದ್ಧಪಡಿಸಬಹುದಾಗಿತ್ತು. ಇವಾವುದನ್ನೂ ಅವನು ಮಾಡಲಿಲ್ಲ. ತಪ್ಪಿನ ಸುದ್ದಿಯನ್ನು ತಪ್ಪಿದವನೇ, ಬಿಸಿಯಾರುವ ಮುನ್ನ, ತಿಳಿಯಬೇಕಾದವರಿಗೆ ತಿಳಿಸಿದ. ಹೊಣೆಗಾರಿಕೆಯ ಮೊದಲ ಮೆಟ್ಟಿಲು ಇದು.

ಮರುದಿನ ಬೆಳಗ್ಗೆ ತೋಪಿನ ಮೇಲೆ ಮತ್ತೆ ಏರಿಹೋಗಲು ಪಡೆ ಸಿದ್ಧವಾಯಿತು. ವೆಲ್ಲೆಸ್ಲಿ ಬರುವುದು ತಡವಾಯಿತೆಂದು, ಹ್ಯಾರಿಸ್ ಆ ಕೆಲಸವನ್ನು ಜನರಲ್ ಡೇವಿಡ್ ಬೇರ್ಡ್ ಎಂಬವನಿಗೆ ಒಪ್ಪಿಸಲು ಹೊರಟ. ಹಿಂದಿನ ರಾತ್ರಿಯ ದುರ್ದೈವವನ್ನು ಸರಿಪಡಿಸಿಕೊಳ್ಳಲು ವೆಲ್ಲೆಸ್ಲಿಗೇ ಅವಕಾಶ ಕೊಡುವುದು ನ್ಯಾಯವಲ್ಲವೆ ಎಂದು ಬೇರ್ಡ್ ಹೇಳಿದನೆಂದು ಅವನ ಜೀವನಚರಿತ್ರೆ ತಿಳಿಸುತ್ತದೆ. ಅಷ್ಟರಲ್ಲಿ ವೆಲ್ಲೆಸ್ಲಿ ಬಂದ. ಹಗಲ ಬೆಳಕಿನಲ್ಲಿ ಮುನ್ನಡೆದು, ಹೆಚ್ಚಿನ ಹಾನಿಯಿಲ್ಲದೆ ತೋಪನ್ನು ಹಿಡಿದ. ಎಡವಿದ ಕೆಲಸವನ್ನು ಬೇರೊಬ್ಬರಿಗೆ ದಾಟಿಸದೆ, ಎಡವಿದವನೇ ಮುಗಿಸುವುದು ಎರಡನೆಯ ಮೆಟ್ಟಿಲು. ಆದರೆ ಅದಕ್ಕೆ ತಪ್ಪಿದವನ ಧೈರ್ಯವೊಂದೇ ಸಾಲದು, ಬೇರ್ಡ್‌ನಂಥ ಹಿರಿಯನ ಔದಾರ್ಯವೂ ಬೇಕು. ತಪ್ಪಿದವನನ್ನು ಒಡನೆಯೇ ಮೂಲೆಗೆ ತಳ್ಳುವ ಕಡೆ ಯಾರೂ ತಪ್ಪನ್ನು ಹೇಳಿಕೊಳ್ಳುವುದಿಲ್ಲ, ಮುಚ್ಚಿಡುವುದನ್ನೇ ಕಲಿಯುತ್ತಾರೆ.

ಮೂರನೆಯ ಮೆಟ್ಟಿಲು ಎಲ್ಲಕ್ಕಿಂತ ಎತ್ತರದ್ದು. ಏಪ್ರಿಲ್ ೧೮ರಂದು ಅಣ್ಣನಿಗೆ ಬರೆದ ಪತ್ರದಲ್ಲಿ ವೆಲ್ಲೆಸ್ಲಿ ಆ ರಾತ್ರಿಯ ಸೋಲನ್ನು ಮರೆಮಾಚದೆ ತಿಳಿಸಿದ. ಸನ್ನದ್ಧನಾಗಿ ಬಲವಾದ ನೆಲೆಯಲ್ಲಿರುವ ಶತ್ರುವಿನ ಮೇಲೆ, ಆ ನೆಲೆಯನ್ನು ಹಗಲಿನಲ್ಲಿ ನೋಡಿ ತಿಳಿಯದೆ, ಇನ್ನು ಮುಂದೆ ಎಂದಿಗೂ ರಾತ್ರಿಯ ದಾಳಿಗೆ ಆಸ್ಪದ ಕೊಡುವುದಿಲ್ಲವೆಂಬ ನಿರ್ಧಾರಕ್ಕೆ ಬಂದುದಾಗಿ ಬರೆದ. ಹ್ಯಾರಿಸ್‌ನ ಆಜ್ಞೆ ಅಸ್ಪಷ್ಟವಾಗಿತ್ತೆಂಬ ಚೀಟಿ ಇದ್ದೂ, ಅದರ ಆಸರೆಯನ್ನು ಅವನು ಹಿಡಿಯಲಿಲ್ಲ. ಆಜ್ಞೆ ಡೊಂಕಾಗಿದ್ದುದು ಹ್ಯಾರಿಸ್‌ನ ಲೆಕ್ಕ. ನೆಲವನ್ನು ನೋಡದೆ ಹೆಜ್ಜೆಯಿಟ್ಟುದು ತನ್ನ ಲೆಕ್ಕ. ಪರರ ಪಾಲನ್ನು ಪರರಿಗೆ ಬಿಟ್ಟು, ತನ್ನ ಪಾಲನ್ನು ಮಾತ್ರ ಎತ್ತಿಕೊಂಡು, ಅದರಿಂದ ತನಗೊಂದು ನಿಯಮವನ್ನು ಮಾಡಿಕೊಂಡ. ಮೊದಲು ಕೇಳಿದ ಪ್ರಶ್ನೆಗೆ ಉತ್ತರ ಇಲ್ಲಿದೆ. ನೆಲ ಡೊಂಕಾಗಿದ್ದರೂ, ಅದನ್ನು ನೋಡಿ ಕಾಲಿಡುವುದು ಕುಣಿಯುವವನ ಹೊಣೆ.

ಆ ನಿಯಮದ ಫಲ ನಾಲ್ಕು ವರ್ಷಗಳ ಮೇಲೆ ಕಂಡಿತು. ೧೮೦೩ರ ಸೆಪ್ಟೆಂಬರ್ ೨೩ರಂದು ಅಸ್ಸಾಯೆ ಎಂಬಲ್ಲಿ ಮರಾಠರ ದೊಡ್ಡ ಸೈನ್ಯವನ್ನು ಎದುರಿಸಿದಾಗ, ಮುಂದಿನ ಹೊಳೆಯನ್ನು ದಾಟಲು ಕಡವೇ ಇಲ್ಲವೆಂದು ದಾರಿ ತೋರುವವರು ಹೇಳಿದರು. ವೆಲ್ಲೆಸ್ಲಿ ತಾನೇ ಮುಂದೆ ಹೋಗಿ ನೋಡಿದ. ಹೊಳೆಯ ಎರಡು ದಡಗಳಲ್ಲಿ ಎದುರುಬದುರಾಗಿ ಎರಡು ಹಳ್ಳಿಗಳು ಕಂಡವು. ಇಷ್ಟು ಸಮೀಪದ ಹಳ್ಳಿಗಳ ನಡುವೆ ಜನರು ಹೋಗಿಬರುವ ದಾರಿ ಇದ್ದೇ ಇರಬೇಕೆಂದು ಊಹಿಸಿದ. ಕಡವು ಅಲ್ಲಿಯೇ ಇತ್ತು. ಸುಲ್ತಾನಪೇಟೆಯಲ್ಲಿ ಕಣ್ಣಾರೆ ನೋಡದೆ ಕೆಟ್ಟವನು, ಅಸ್ಸಾಯೆಯಲ್ಲಿ ಕಣ್ಣಾರೆ ನೋಡಿ ಗೆದ್ದ.

ಅದೇ ಅಸ್ಸಾಯೆಯಲ್ಲಿ ಇನ್ನೊಂದು ಸಂಗತಿಯೂ ನಡೆಯಿತು. ಕರ್ನಲ್ ಓರಕ್ ಎಂಬ ಅಧಿಕಾರಿ ದಾರಿ ತಪ್ಪಿ, ತನ್ನ ಪಡೆಯನ್ನು ಶತ್ರುವಿನ ಫಿರಂಗಿಗಳು ತುಂಬಿದ್ದ ಹಳ್ಳಿಯ ಸಮೀಪಕ್ಕೇ ಕೊಂಡೊಯ್ದ; ಅಲ್ಲಿ ಅನೇಕರು ಮಡಿದರು. ಮುಂದೆ ತಾಮಸ್ ಮನ್ರೋಗೆ ಬರೆದ ಪತ್ರದಲ್ಲಿ ವೆಲ್ಲೆಸ್ಲಿ ಆ ತಪ್ಪಿನ ಪರಿಣಾಮಕ್ಕಾಗಿ ದುಃಖಿಸಿದ, ಆದರೆ ಅಷ್ಟು ಭಯಂಕರವಾದ ಬೆಂಕಿಯೊಳಗೆ ಪಡೆಯನ್ನು ನಡೆಸಿದ ಆ ಅಧಿಕಾರಿಯ ಧೈರ್ಯವನ್ನು ಒಪ್ಪಿಕೊಂಡ, ಅವನನ್ನು ಹಳಿಯಲಿಲ್ಲ. ತನ್ನ ತಪ್ಪನ್ನು ಒಪ್ಪಿಕೊಂಡವನಿಗೇ ಇತರರ ತಪ್ಪನ್ನು ತೂಗಿ ನೋಡುವ ಹದ ಬರುತ್ತದೆ. ತಾನೆಂದೂ ತಪ್ಪದವನೆಂದು ಭಾವಿಸಿದವನು ಪರರ ತಪ್ಪಿಗೆ ಕ್ರೂರನಾಗುತ್ತಾನೆ.

ಆದರೂ ವೆಲ್ಲೆಸ್ಲಿಯನ್ನು ಅತಿಯಾಗಿ ಹೊಗಳಬೇಕಾಗಿಲ್ಲ. ಅವನ ತಪ್ಪೊಪ್ಪಿಗೆ ಅಣ್ಣನಿಗೆ ಬರೆದ ಪತ್ರದಲ್ಲಿತ್ತೇ ಹೊರತು ಸೈನಿಕರ ಮುಂದಲ್ಲ. ಹನ್ನೆರಡು ಮನೆಗಳ ದುಃಖ ಯಾವ ನಿಯಮದಿಂದಲೂ ನೀಗುವಂಥದಲ್ಲ. ತನಗೆ ಅವಕಾಶ ಬಿಟ್ಟುಕೊಟ್ಟ ಬೇರ್ಡ್‌ನೇ ಮೇ ೪ರಂದು ಕೋಟೆಯ ಮೇಲಿನ ಲಗ್ಗೆಯನ್ನು ನಡೆಸಿದರೂ, ಗೆದ್ದ ಪಟ್ಟಣದ ಅಧಿಕಾರ ವೆಲ್ಲೆಸ್ಲಿಯ ಪಾಲಾಯಿತು. ಬೇರ್ಡ್ ಅದರಿಂದ ನೊಂದ. ತಪ್ಪನ್ನು ಒಪ್ಪಿಕೊಂಡ ಮಾತ್ರಕ್ಕೆ ಮನುಷ್ಯನು ಪೂಜ್ಯನಾಗುವುದಿಲ್ಲ. ತಿದ್ದಿಕೊಳ್ಳಲು ಯೋಗ್ಯನಾಗುತ್ತಾನೆ, ಅಷ್ಟೆ.

ಇದೇ ಮುತ್ತಿಗೆಯ ದಿನಗಳಲ್ಲಿ, ಇದೇ ತೋಪುಗಳ ಕತ್ತಲೆಯಲ್ಲಿ, ಬೇರ್ಡ್‌ನಿಗೂ ಒಂದು ಪಾಠವಾಗಿತ್ತು. ಬೇರ್ಡ್ ಹಿಂದೆ ಶ್ರೀರಂಗಪಟ್ಟಣದ ಸೆರೆಯಲ್ಲಿ ಮೂರು ವರ್ಷಕ್ಕೂ ಮೀರಿ ಕಳೆದವನು. ಈ ಪ್ರದೇಶ ತನಗೆ ಗೊತ್ತೆಂಬ ನಂಬಿಕೆ ಅವನಿಗೆ ಇದ್ದಿರಬಹುದು. ಒಂದು ರಾತ್ರಿ ತೋಪೊಂದನ್ನು ಶೋಧಿಸಿ, ಅಲ್ಲಿ ಯಾರನ್ನೂ ಕಾಣದೆ, ಪಡೆಯೊಡನೆ ಬೀಡಿಗೆ ಮರಳುತ್ತಿದ್ದ. ಜೊತೆಯಲ್ಲಿದ್ದ ವಿಲಿಯಂ ಲ್ಯಾಂಬ್ಟನ್ ಎಂಬ ಲೆಫ್ಟಿನೆಂಟ್ ಆಕಾಶದ ಸಪ್ತರ್ಷಿ ಮಂಡಲವನ್ನು ನೋಡಿ, ತಾವು ದಕ್ಷಿಣಕ್ಕೆ ಹೋಗುತ್ತಿಲ್ಲ, ಉತ್ತರಕ್ಕೆ, ಅಂದರೆ ಟೀಪೂವಿನ ಸೈನ್ಯದತ್ತಲೇ ಹೋಗುತ್ತಿದ್ದೇವೆ ಎಂದು ಎಚ್ಚರಿಸಿದ. ನಕ್ಷತ್ರಗಳನ್ನು ಕೇಳದೆಯೇ ತನಗೆ ದಾರಿ ಗೊತ್ತು ಎಂದು ಬೇರ್ಡ್ ಉತ್ತರಿಸಿದ. ಸ್ವಲ್ಪ ದೂರದಲ್ಲಿಯೇ ಶತ್ರುವಿನ ಕಾವಲು ಪಡೆ ಎದುರಾಯಿತು. ಆಗ ದೀಪ ಹೊತ್ತಿಸಿ ದಿಕ್ಸೂಚಿಯನ್ನು ನೋಡಿದರೆ ಲ್ಯಾಂಬ್ಟನ್ನನ ಮಾತೇ ನಿಜ. ನಕ್ಷತ್ರಗಳೇ ಸರಿಯಾಗಿದ್ದವೆಂದು ಬೇರ್ಡ್ ಮುಂದೆ ತಾನೇ ನಗುತ್ತ ಹೇಳಿಕೊಳ್ಳುತ್ತಿದ್ದನಂತೆ. ಕಿರಿಯನ ಮಾತು ನಿಜವಾದಾಗ ಕಿರಿಯನ ಮೇಲೆ ಮುನಿಯುವ ಹಿರಿಯರು ಬಹಳ. ತನ್ನ ತಪ್ಪಿನ ಕತೆಯನ್ನು ತಾನೇ ಹೇಳಿ ನಗುವ ಹಿರಿಯರು ವಿರಳ.

ಈ ಲ್ಯಾಂಬ್ಟನ್ನನ ಮುಂದಿನ ಜೀವನ ನಮ್ಮ ವಿಷಯಕ್ಕೆ ಇನ್ನಷ್ಟು ಹತ್ತಿರವಾದುದು. ಶ್ರೀರಂಗಪಟ್ಟಣ ಬಿದ್ದ ಮೇಲೆ, ದಕ್ಷಿಣ ಭಾರತದ ಭೂಮಿಯನ್ನು ತ್ರಿಕೋನಗಳ ಲೆಕ್ಕದಿಂದ ಅಳೆಯಬೇಕೆಂಬ ಯೋಜನೆಯನ್ನು ಅವನು ಮುಂದಿಟ್ಟ. ೧೮೦೨ರ ಏಪ್ರಿಲ್‌ನಲ್ಲಿ ಮದರಾಸಿನ ಸೇಂಟ್ ತಾಮಸ್ ಬೆಟ್ಟದ ಬಳಿ ಮೊದಲ ಆಧಾರರೇಖೆಯ ಅಳತೆ ಆರಂಭವಾಯಿತು. ಮುಂದೆ ಹಿಮಾಲಯದವರೆಗೆ ಹಬ್ಬಿದ ಮಹಾ ಸರ್ವೇಕ್ಷಣೆಯ ಮೂಲ ಇದು. ಒಂದು ರೇಖೆಯನ್ನು ನೆಲದ ಮೇಲೆ ಸರಪಳಿಯಿಂದ ಅಳೆದು, ಅದರ ಮೇಲೆ ತ್ರಿಕೋನಗಳನ್ನು ಕಟ್ಟುತ್ತ ಹೋಗುವುದು ಈ ಕ್ರಮ. ಮೊದಲಲ್ಲಿ ಕೂದಲೆಳೆಯಷ್ಟು ತಪ್ಪಿದ್ದರೆ ನೂರಾರು ಮೈಲಿ ಹೋಗುವಷ್ಟರಲ್ಲಿ ಅದು ಬೆಳೆದುಬಿಡುತ್ತದೆ. ಆದ್ದರಿಂದ ದೂರದಲ್ಲಿ ಮತ್ತೊಂದು ರೇಖೆಯನ್ನು ಹೊಸದಾಗಿ ನೆಲದ ಮೇಲೆ ಅಳೆದು, ಲೆಕ್ಕದಿಂದ ಬಂದ ಉದ್ದಕ್ಕೂ ಅಳತೆಯಿಂದ ಬಂದ ಉದ್ದಕ್ಕೂ ಇರುವ ಅಂತರವನ್ನು ನೋಡುತ್ತಿದ್ದರು. ೧೮೦೪ರಲ್ಲಿ ಬೆಂಗಳೂರಿನ ಬಳಿ ಸುಮಾರು ೭ ಮೈಲಿ ಉದ್ದದ ಅಂಥ ರೇಖೆಯನ್ನು ಅಳೆದಾಗ ಅಂತರವು ೪ ಅಂಗುಲಕ್ಕೂ ಕಡಿಮೆಯಾಗಿತ್ತು. ಆ ನಿಷ್ಕೃಷ್ಟತೆ ಹೇಗೆ ಬಂತೆಂಬುದನ್ನು ಗಮನಿಸಬೇಕು. ‘ನಾನು ತಪ್ಪಿರಬಹುದು’ ಎಂಬ ಶಂಕೆಯನ್ನು ಕೆಲಸದ ಕ್ರಮದೊಳಗೇ ಇಟ್ಟುಕೊಂಡುದರಿಂದ ಅದು ಬಂತು.

ಇಷ್ಟು ಜಾಗರೂಕನಾದವನಿಗೂ ತಪ್ಪು ಬಂದೊದಗಿತು. ೧೮೦೮ರಲ್ಲಿ ತಂಜಾವೂರಿನ ಬೃಹದೀಶ್ವರ ದೇವಾಲಯದ ಎತ್ತರದ ಶಿಖರಕ್ಕೆ ಅಳತೆಯ ಮಹಾಯಂತ್ರವನ್ನು ಹಗ್ಗಗಳಿಂದ ಮೇಲೇರಿಸುತ್ತಿದ್ದರು. ಥಿಯೋಡೊಲೈಟ್ ಎಂಬ ಈ ಯಂತ್ರದ ತೂಕ ಸುಮಾರು ಅರ್ಧ ಟನ್. ಇಂಗ್ಲೆಂಡಿನಿಂದ ಬರುವಾಗ ಫ್ರೆಂಚರ ಹಡಗಿನ ಕೈಗೆ ಸಿಕ್ಕಿ, ಮಾರಿಷಸ್ ದ್ವೀಪವನ್ನು ಕಂಡು ಬಿಡುಗಡೆಯಾಗಿ ಬಂದ ದುರ್ಲಭ ವಸ್ತು ಅದು. ಏರಿಸುತ್ತಿರುವಾಗ ಹಗ್ಗವೊಂದು ತುಂಡಾಗಿ ಯಂತ್ರವು ಗೋಡೆಗೆ ಅಪ್ಪಳಿಸಿತು. ಕೋನವನ್ನು ಅಳೆಯುವ ಅದರ ದೊಡ್ಡ ಚಕ್ರ ನುಗ್ಗಿ ವಕ್ರವಾಯಿತು.

ಹಗ್ಗವನ್ನು ಹಿಡಿದವರು ಕೂಲಿಯಾಳುಗಳು. ಅವರನ್ನು ದೂರಿ ಕೈತೊಳೆದುಕೊಳ್ಳುವುದು ಸುಲಭವಾಗಿತ್ತು, ಕೇಳುವವರೂ ಇರಲಿಲ್ಲ. ಲ್ಯಾಂಬ್ಟನ್ ಹೊಣೆಯನ್ನು ತಾನೇ ಹೊತ್ತ. ಹೊಸ ಯಂತ್ರವೊಂದನ್ನು ತನ್ನ ಸ್ವಂತ ಖರ್ಚಿನಿಂದ ಇಂಗ್ಲೆಂಡಿನಿಂದ ತರಿಸಲು ಬರೆದ. ಅದು ಬರುವವರೆಗೆ ಸುಮ್ಮನೆ ಕೂರಲಿಲ್ಲ. ಕೆಟ್ಟ ಯಂತ್ರವನ್ನು ತಿರುಚಿನಾಪಳ್ಳಿಗೆ ಒಯ್ದು, ಬಿಚ್ಚಿ, ಚಕ್ರದ ಸರಿಯಾದ ಆಕಾರವನ್ನು ಗುರುತುಮಾಡಿಕೊಂಡು, ಬೆಣೆ, ತಿರುಪು, ರಾಟೆಗಳ ಸಹಾಯದಿಂದ ದಿನಕ್ಕಿಷ್ಟು ಎಂದು ಎಳೆಯುತ್ತ, ಸುಮಾರು ಆರು ವಾರಗಳ ತಾಳ್ಮೆಯ ದುಡಿಮೆಯಿಂದ ಅದನ್ನು ಮೊದಲಿನ ರೂಪಕ್ಕೆ ತಂದ. ಆ ಯಂತ್ರದಿಂದಲೇ ಸರ್ವೇಕ್ಷಣೆ ಮುಂದುವರಿಯಿತು. ೧೮೨೩ರಲ್ಲಿ ಇಂದಿನ ಮಹಾರಾಷ್ಟ್ರದ ಹಿಂಗಣಘಾಟದಲ್ಲಿ, ಕೆಲಸದ ದಾರಿಯಲ್ಲಿಯೇ, ಲ್ಯಾಂಬ್ಟನ್ ತೀರಿಕೊಂಡ. ಒಪ್ಪಿಗೆಯ ಮಾತು ಹಗುರ, ಸರಿಪಡಿಸುವ ಕೆಲಸ ಭಾರ ಎಂಬುದಕ್ಕೆ ಆ ಆರು ವಾರಗಳು ಸಾಕ್ಷಿ.

ಒಪ್ಪಿಗೆಯಿದ್ದೂ ಸರಿಪಡಿಸುವಿಕೆ ಇಲ್ಲದಿದ್ದರೆ ಏನಾಗುವುದೆಂಬುದನ್ನೂ ನಮ್ಮ ಮೈಸೂರು ನಾಡೇ ಅನುಭವಿಸಿದೆ. ೧೮೩೦-೩೧ರ ನಗರದ ದಂಗೆಯ ತರುವಾಯ, ಗವರ್ನರ್ ಜನರಲ್ ವಿಲಿಯಂ ಬೆಂಟಿಂಕ್ ಮುಮ್ಮಡಿ ಕೃಷ್ಣರಾಜ ಒಡೆಯರಿಂದ ರಾಜ್ಯಾಡಳಿತವನ್ನು ೧೮೩೧ರಲ್ಲಿ ಕಂಪೆನಿಯ ವಶಕ್ಕೆ ತೆಗೆದುಕೊಂಡ. ಮುಂದೆ ಅವನೇ ನೇಮಿಸಿದ ಸಮಿತಿ ವಿಚಾರಣೆ ನಡೆಸಿದಾಗ, ಮಹಾರಾಜರ ಆಡಳಿತದ ವಿರುದ್ಧ ಬಂದಿದ್ದ ವರದಿಗಳಲ್ಲಿ ಉತ್ಪ್ರೇಕ್ಷೆ ಇತ್ತೆಂಬುದು ೧೮೩೩ರ ಹೊತ್ತಿಗೆ ಬೆಳಕಿಗೆ ಬಂತು. ಬೆಂಟಿಂಕ್ ರಾಜ್ಯದ ಒಂದು ಭಾಗವನ್ನಾದರೂ ಮಹಾರಾಜರಿಗೆ ಮರಳಿಸಬೇಕೆಂದು ೧೮೩೪ರಲ್ಲಿ ಸಲಹೆ ಮಾಡಿದ. ಲಂಡನ್ನಿನ ನಿರ್ದೇಶಕರು ಒಪ್ಪಲಿಲ್ಲ. ತನ್ನ ಭಾರತದ ಆಡಳಿತದಲ್ಲಿ ದುಃಖದಿಂದ ನೆನೆಯುವ ಕಾರ್ಯ ಇದೊಂದೇ ಎಂದು ಅವನು ಮುಂದೆ ಹೇಳಿದನೆಂಬ ಪ್ರತೀತಿಯಿದೆ. ಆ ದುಃಖದಿಂದ ಮಹಾರಾಜರಿಗೆ ಏನು ಬಂದಿತು? ಮುಮ್ಮಡಿಯವರು ೧೮೬೮ರಲ್ಲಿ ರಾಜ್ಯವನ್ನು ಮರಳಿ ಕಾಣದೆಯೇ ಕಾಲವಶರಾದರು. ಮೈಸೂರು ಅರಸರ ಕೈಗೆ ಮರಳಿದುದು ೧೮೮೧ರ ಮಾರ್ಚ್ ೨೫ರಂದು, ಐವತ್ತು ವರ್ಷಗಳ ಮೇಲೆ. ಪೂರ್ಣ ವಿಚಾರಣೆಗೆ ಮುನ್ನ ತೀರ್ಪು ಕೊಟ್ಟವನು ತನ್ನ ತಪ್ಪನ್ನು ಕಂಡುಕೊಂಡ. ಆದರೆ ವ್ಯವಸ್ಥೆ ತನ್ನ ತಪ್ಪನ್ನು ಒಪ್ಪಲಿಲ್ಲ. ವ್ಯಕ್ತಿಯ ಪಶ್ಚಾತ್ತಾಪ ಸಂಸ್ಥೆಯ ಹಟದ ಮುಂದೆ ಸೋತಿತು.

ನಮ್ಮ ಸ್ವತಂತ್ರ ಭಾರತದಲ್ಲಿ ಇದಕ್ಕೆ ಪ್ರತಿಯಾದ ಒಂದು ಉಜ್ವಲ ನಿದರ್ಶನವಿದೆ. ೧೯೫೬ರಲ್ಲಿ ಮೆಹಬೂಬ್‌ನಗರದ ಬಳಿ ರೈಲು ಅಪಘಾತವಾದಾಗ ರೈಲ್ವೆ ಮಂತ್ರಿ ಲಾಲ್ ಬಹಾದುರ್ ಶಾಸ್ತ್ರಿಗಳು ರಾಜೀನಾಮೆ ಕೊಟ್ಟರು. ಪ್ರಧಾನಿ ನೆಹರೂ ಅಂಗೀಕರಿಸಲಿಲ್ಲ. ಅದೇ ವರ್ಷದ ನವೆಂಬರಿನಲ್ಲಿ ಅರಿಯಲೂರಿನ ಬಳಿ ಮತ್ತೊಂದು ಭೀಕರ ಅಪಘಾತವಾಗಿ ನೂರಕ್ಕೂ ಹೆಚ್ಚು ಜನ ಮಡಿದಾಗ, ಶಾಸ್ತ್ರಿಗಳು ಮತ್ತೆ ರಾಜೀನಾಮೆಯನ್ನು ಮುಂದಿಟ್ಟು ಪದವಿಯಿಂದ ಇಳಿದರು. ರೈಲು ನಡೆಸಿದವರು ಅವರಲ್ಲ. ಆದರೂ ಇಲಾಖೆಯ ಗೌರವ ತಮ್ಮದಾದರೆ ಇಲಾಖೆಯ ದೋಷವೂ ತಮ್ಮದೆಂದು ಅವರು ಭಾವಿಸಿದರು. ಮೇಲಿನ ಪೀಠದಲ್ಲಿ ಕುಳಿತವರು ಹೊಣೆ ಹೊತ್ತಾಗಲೇ ಕೆಳಗಿನವರಿಗೆ ಸತ್ಯ ಹೇಳುವ ಧೈರ್ಯ ಬರುತ್ತದೆ.

ಇಷ್ಟೆಲ್ಲ ಹೊರಗಿನ ಚರಿತ್ರೆಯನ್ನು ನೋಡಿದ ಮೇಲೆ, ನಮ್ಮ ಶರಣರ ಅಂಗಳಕ್ಕೆ ಬಂದರೆ ಇದೇ ತತ್ತ್ವ ಇನ್ನೂ ಸರಳವಾಗಿ, ಇನ್ನೂ ಸೂಕ್ಷ್ಮವಾಗಿ ಕಾಣುತ್ತದೆ. ಕಲ್ಯಾಣದಲ್ಲಿ ಆಯ್ದಕ್ಕಿ ಮಾರಯ್ಯನವರದು ಅಂಗಳದಲ್ಲಿ ಬಿದ್ದ ಅಕ್ಕಿಯನ್ನು ಆಯ್ದು ತರುವ ಕಾಯಕ. ಒಂದು ದಿನ ಅವರು ಎಂದಿಗಿಂತ ಹೆಚ್ಚು ಅಕ್ಕಿಯನ್ನು ತಂದರು. ಪತ್ನಿ ಲಕ್ಕಮ್ಮನವರು ಅದನ್ನು ಕಂಡು ಸಂತೋಷಪಡಲಿಲ್ಲ. ಅಗತ್ಯಕ್ಕೆ ಮೀರಿದುದು ಆಸೆಯ ಕೆಲಸವೆಂದು ತಿಳಿಸಿ, ಹೆಚ್ಚಾದುದನ್ನು ತಂದ ಕಡೆಗೇ ಸುರಿದು ಬನ್ನಿರೆಂದು ಹೇಳಿದರು. ಮಾರಯ್ಯನವರು ವಾದ ಮಾಡಲಿಲ್ಲ. ಬಿದ್ದ ಅಕ್ಕಿ ಯಾರದೂ ಅಲ್ಲವೆಂದು ನೆವ ಹೇಳಲಿಲ್ಲ. ಹೋಗಿ ಸುರಿದು ಬಂದರು. ಅಲ್ಲಿ ಅಪರಾಧವೆಂದು ಲೋಕ ಕರೆಯುವ ಯಾವುದೂ ಇರಲಿಲ್ಲ, ದಂಡಿಸುವ ಅಧಿಕಾರಿಯೂ ಇರಲಿಲ್ಲ. ಇದ್ದುದು ಕಾಯಕದ ಶುದ್ಧಿಯೊಂದೇ. ಸುಲ್ತಾನಪೇಟೆಯಲ್ಲಿ ಬೇರೆ ಬೇರೆ ಮಂದಿಯಲ್ಲಿ ಕಂಡ ಗುಣಗಳು ಈ ಒಂದು ಮನೆಯಲ್ಲಿ ಒಟ್ಟಿಗೆ ಸೇರಿವೆ: ತಿದ್ದುವ ಮಾತನ್ನು ನಿರ್ಭಯವಾಗಿ ಆಡುವುದು, ಆಡಿದವರು ಯಾರೆಂದು ನೋಡದೆ ಸ್ವೀಕರಿಸುವುದು, ಒಡನೆಯೇ ಸರಿಪಡಿಸುವುದು.

ಶ್ರೀಮಠದ ಪ್ರಸಾದನಿಲಯಗಳಲ್ಲಿ ಉಂಡು ಓದಿದ ಸಾವಿರಾರು ಜನ ಇಂದು ಅಧ್ಯಾಪಕರಾಗಿ, ಗುಮಾಸ್ತರಾಗಿ, ವೈದ್ಯರಾಗಿ, ಎಂಜಿನಿಯರುಗಳಾಗಿ ನಾಡಿನ ತುಂಬ ಹರಡಿದ್ದಾರೆ. ನಮ್ಮ ನಿಮ್ಮ ಕೆಲಸಗಳಲ್ಲಿ ಫಿರಂಗಿಗಳಿಲ್ಲ, ದಂಡುಗಳಿಲ್ಲ. ಆದರೆ ಪಹಣಿಯಲ್ಲಿ ಒಂದು ಅಂಕಿ ತಪ್ಪಿದರೆ ಒಬ್ಬ ರೈತನು ವರ್ಷಗಟ್ಟಲೆ ಕಚೇರಿಯ ಮೆಟ್ಟಿಲು ಹತ್ತಬೇಕಾಗುತ್ತದೆ. ಕಬ್ಬಿನ ತೂಕದ ಚೀಟಿಯಲ್ಲಿ ಒಂದು ಸೊನ್ನೆ ಬಿಟ್ಟುಹೋದರೆ ಒಂದು ಕುಟುಂಬದ ವರ್ಷದ ದುಡಿಮೆ ಮಣ್ಣಾಗುತ್ತದೆ. ಅಂಕಪಟ್ಟಿಯಲ್ಲಿ ಕೂಡುವ ತಪ್ಪಾದರೆ ಒಬ್ಬ ವಿದ್ಯಾರ್ಥಿಯ ದಾರಿಯೇ ಬೇರೆಯಾಗುತ್ತದೆ. ಇಂಥ ತಪ್ಪು ಕಂಡೊಡನೆ ‘ಮೇಲಿನವರು ಹೇಳಿದರು’, ‘ಹಿಂದಿನವರು ಹಾಗೆ ಬರೆದಿದ್ದರು’, ‘ಯಂತ್ರ ಹಾಗೆ ತೋರಿಸಿತು’ ಎಂಬ ಮಾತು ನಾಲಗೆಯ ತುದಿಗೆ ಬರುತ್ತದೆ. ಅದು ಸುಳ್ಳೇ ಆಗಿರಬೇಕಾಗಿಲ್ಲ, ನಿಜವೂ ಆಗಿರಬಹುದು. ಆದರೂ ನಾವು ಮೊದಲು ಆಡಬೇಕಾದ ಮಾತು ಅದಲ್ಲ. ‘ನೋಡಬೇಕಾಗಿತ್ತು, ನಾನು ನೋಡಲಿಲ್ಲ, ಇದನ್ನು ಹೀಗೆ ಸರಿಪಡಿಸುತ್ತೇನೆ’ ಎಂಬುದು ಮೊದಲು ಬರಬೇಕು. ಇತರರ ಪಾಲು ಎಷ್ಟೆಂಬುದನ್ನು ಆಮೇಲೆ ವಿಚಾರಿಸಬಹುದು.

ಹೀಗೆ ಹೇಳುವುದರಿಂದ ಕೆಲವೊಮ್ಮೆ ನಷ್ಟವೂ ಉಂಟು. ಬಡ್ತಿ ತಪ್ಪಬಹುದು, ನಾಲ್ಕು ಜನ ನಗಬಹುದು. ಲ್ಯಾಂಬ್ಟನ್ ತನ್ನ ಹಣವನ್ನು ಕಳೆದುಕೊಂಡ, ಶಾಸ್ತ್ರಿಗಳು ಪದವಿಯನ್ನು ಬಿಟ್ಟರು, ಮಾರಯ್ಯನವರು ಅಕ್ಕಿಯನ್ನು ಸುರಿದು ಬಂದರು. ಬೆಲೆ ತೆರದ ಒಪ್ಪಿಗೆ ಬಾಯಿಮಾತಾಗಿ ಉಳಿಯುತ್ತದೆ. ಆದರೆ ಮುಚ್ಚಿಟ್ಟ ತಪ್ಪಿಗೆ ತೆರುವ ಬೆಲೆ ಇನ್ನೂ ದೊಡ್ಡದು. ಅದನ್ನು ಬಹಳ ಸಲ ನಾವಲ್ಲ, ಯಾವ ತಪ್ಪನ್ನೂ ಮಾಡದ ಇನ್ನಾರೋ ತೆರುತ್ತಾರೆ.

ಮುಂದಿನ ಸಲ ಶ್ರೀರಂಗಪಟ್ಟಣಕ್ಕೆ ಹೋದಾಗ, ದರಿಯಾ ದೌಲತ್ತಿನ ಚಿತ್ರಗಳನ್ನು ನೋಡಿಯಾದ ಮೇಲೆ, ಕೋಟೆಯ ಪಶ್ಚಿಮದ ಗೋಡೆಯ ಮೇಲೆ ಒಂದು ಗಳಿಗೆ ನಿಂತು ಆಚೆಯ ಬಯಲನ್ನು ನೋಡಬಹುದು. ಅಲ್ಲೆಲ್ಲೋ ಆ ತೋಪು ಇತ್ತು. ರಾತ್ರಿ ಎಡವಿದವನು ಅಲ್ಲಿಗೇ ಬೆಳಗ್ಗೆ ಮರಳಿ ಬಂದ. ನಮ್ಮ ನಮ್ಮ ಕಾಯಕದಲ್ಲಿಯೂ ಹಾಗೆ ಮರಳಿ ಹೋಗಬೇಕಾದ ಒಂದು ಜಾಗ ಇದ್ದೇ ಇರುತ್ತದೆ. ಹಗಲಿರುವಾಗಲೇ ಹೋಗುವುದು ಒ��ಿತು.